ಕೆಂಪಕ್ಷರದ ಮಾತ್ರೆಗಳು: ಬೀಗ ಯಾಕೆ ಬಿತ್ತು, ಯಾರಿಗೆ ಬಿತ್ತು?

1/10

ಈ ಸಲದ ಸರಣಿ ಸ್ವಲ್ಪ ಉದ್ದ ಇದೆ. ಸೇವ್ ಮಾಡಿಟ್ಟು ಬಸ್ಸಲ್ಲೋ ಮೆಟ್ರೋದಲ್ಲೋ ಓದಿ, ಪರವಾಗಿಲ್ಲ.

ಮೊದಲು ಒಂದು ಕೆಲಸ ಮಾಡಿ. ಮನೆಯಲ್ಲಿ ಮಾತ್ರೆ ಇಡೋ ಡಬ್ಬ ತೆಗೆದು ಒಂದೊಂದೇ ಸ್ಟ್ರಿಪ್ ತಿರುಗಿಸಿ ನೋಡಿ. ಕೆಲವದರ ಮೇಲೆ ಆರ್‌ಎಕ್ಸ್ ಅಂತ ಇರುತ್ತೆ. ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದು. ಕೆಲವದರಲ್ಲಿ ಕೆಂಪಕ್ಷರದಲ್ಲಿ ಎನ್‌ಆರ್‌ಎಕ್ಸ್ ಅಂತ ಇರುತ್ತೆ, ಅದು ಮಾದಕ ವಸ್ತು ಕಾಯ್ದೆಯೊಳಗೆ ಬರೋ ಔಷಧಿ. ಎಕ್ಸ್‌ಆರ್‌ಎಕ್ಸ್ ಅಂತ ಇದ್ರೆ ಅದು ಇನ್ನೂ ಬಿಗಿ: ಚೀಟಿ ಎರಡು ಪ್ರತಿ ಬೇಕು, ಒಂದನ್ನ ಅಂಗಡಿಯವರು ಎರಡು ವರ್ಷ ಜೋಪಾನ ಮಾಡಬೇಕು, ಔಷಧಿಯನ್ನ ಬೀಗ ಹಾಕಿದ ಬೀರುವಿನಲ್ಲಿ ಇಡಬೇಕು.

ಈ ಪುಟ್ಟ ಅಕ್ಷರಗಳ ಹಿಂದೆ ಇನ್ನೂರು ವರ್ಷದ ಇತಿಹಾಸ ಇದೆ. ನಾನು ಅದನ್ನ ಹುಡುಕಿಕೊಂಡು ಹೋಗಿದ್ದಕ್ಕೆ ಎರಡು ಕಾರಣ.

ಒಂದು, ನಮ್ಮ ಅಜ್ಜ. 2011ರಲ್ಲಿ ಕ್ಯಾನ್ಸರ್ ಮೂಳೆಗೆ ಇಳಿದಿತ್ತು. ನನಗಾಗ ಏಳು ವರ್ಷ. ರಾತ್ರಿ ಅಜ್ಜ ಅರಚೋ ಸದ್ದಿಗೆ ಬೀದಿ ನಾಯಿಗಳು ಬೊಗಳ್ತಿದ್ದಿದ್ದು ಇವತ್ತಿಗೂ ನೆನಪಿದೆ. ಚಿಕ್ಕಪ್ಪ ಚೀಟಿ ಹಿಡ್ಕೊಂಡು ಮೂರು ಪೇಟೆ ತಿರುಗಿದರು. ಎಲ್ಲಾ ಕಡೆ ಒಂದೇ ಮಾತು: "ಆ ಮಾತ್ರೆ ನಾವು ಇಡಲ್ಲ ಸ್ವಾಮಿ, ಲೈಸೆನ್ಸಿನ ತಾಪತ್ರಯ."

ಎರಡನೇದು, ನನ್ನ ಬ್ಯಾಚಿನ ಒಬ್ಬ ಹುಡುಗ. ಅವನ ಒಪ್ಪಿಗೆ ಕೇಳಿಯೇ ಬರೀತಿದ್ದೀನಿ. ಪರೀಕ್ಷೆ ಟೈಮಲ್ಲಿ ನಿದ್ದೆ ಬರಲಿ ಅಂತ ಶುರು ಮಾಡಿದ ಮಾತ್ರೆಯನ್ನ ಚೀಟಿನೇ ಇಲ್ಲದೆ ಎಂಟು ತಿಂಗಳು ತಗೊಂಡ. ಅವನಿಗೆ ಯಾವ ಅಂಗಡಿಯಲ್ಲೂ ಯಾರೂ ಇಲ್ಲ ಅನ್ನಲಿಲ್ಲ.

ಚೀಟಿ ಇದ್ದವರಿಗೆ ಸಿಗಲಿಲ್ಲ, ಚೀಟಿ ಇಲ್ಲದವನಿಗೆ ಸಿಕ್ತು. ಹೀಗಾಗಿದ್ದು ಹೇಗೆ? ಬನ್ನಿ, ಸ್ವೈಪ್ ಮಾಡಿ.

2/10

ಈ ಫೋಟೋ ನಮ್ಮಮ್ಮ ಮಾಡಿದ ಗಸಗಸೆ ಪಾಯಸದ್ದು. ನಗಬೇಡಿ, ಕಥೆ ಶುರುವಾಗೋದೇ ಇಲ್ಲಿಂದ.

ಹಬ್ಬದ ಊಟದಲ್ಲಿ ಗಸಗಸೆ ಪಾಯಸ ಎರಡು ಲೋಟ ಏರಿಸಿ ಮಧ್ಯಾಹ್ನ ಗೊರಕೆ ಹೊಡೆಯೋ ಮಾವಂದಿರು ಎಲ್ಲರ ಮನೆಯಲ್ಲೂ ಇದ್ದಾರೆ. ಗಸಗಸೆ ಬರೋದು ಅಫೀಮು ಗಿಡದಿಂದಲೇ. ಆದರೆ ಮತ್ತು ಇರೋದು ಬೀಜದಲ್ಲಿ ಅಲ್ಲ. ಹೂವಿನ ದಳ ಉದುರಿದ ಮೇಲೆ ಉಳಿಯೋ ಹಸಿರು ಕಾಯಿಗೆ ಗೀರು ಹಾಕಿದ್ರೆ ಹಾಲು ಒಸರುತ್ತೆ. ಅದು ಗಾಳಿಗೆ ಕಪ್ಪಾಗಿ ಗಟ್ಟಿಯಾದ್ರೆ ಅಫೀಮು. ನಮ್ಮ ಕಾನೂನು ಕೂಡ ಒಣಗಿದ ಗಿಡದ ಭಾಗಗಳನ್ನ ನಿಯಂತ್ರಣಕ್ಕೆ ತರುವಾಗ ಬೀಜವನ್ನ ಬೇಕಂತಲೇ ಹೊರಗಿಟ್ಟಿದೆ. ಹಾಗಾಗಿ ನಿಮ್ಮ ಪಾಯಸ ಸೇಫ್. ಆದರೆ ಯುಎಇಗೆ ಹೊರಟಿರೋ ಅಣ್ಣನ ಬ್ಯಾಗಿಗೆ ಗಸಗಸೆ ಪೊಟ್ಟಣ ಹಾಕಬೇಡಿ. ಅಲ್ಲಿ ಅದು ನಿಷಿದ್ಧ, ಜೈಲು ಸೇರಿದವರಿದ್ದಾರೆ.

ಅಫೀಮು ನೋವು ಕಡಿಮೆ ಮಾಡುತ್ತೆ ಅನ್ನೋದು ಸಾವಿರಾರು ವರ್ಷದಿಂದ ಗೊತ್ತಿದ್ದ ವಿಷಯ. ತೊಂದರೆ ಏನಂದ್ರೆ, ಒಂದೊಂದು ಉಂಡೆಯ ಬಲ ಒಂದೊಂದು ಥರ. ಇವತ್ತು ನೋವು ಹೋಗೋ ಅಳತೆ ನಾಳೆ ಪ್ರಾಣ ತೆಗೀಬಹುದು. 1805ರ ಸುಮಾರಿಗೆ ಜರ್ಮನಿಯ ಫ್ರೀಡ್ರಿಕ್ ಸೆರ್ಟುರ್ನರ್ ಎಂಬ ಯುವಕ ಅಫೀಮಿನ ಒಳಗಿನ ಸಾರವನ್ನ ಬೇರೆ ಮಾಡಿದ. ಅವನಿಗೆ ಆಗ ಇಪ್ಪತ್ತೆರಡು ಆಸುಪಾಸು. ಔಷಧಿ ಅಂಗಡಿಯಲ್ಲಿ ಕೆಲಸ ಕಲಿತ ಹುಡುಗ, ಹೆಚ್ಚುಕಮ್ಮಿ ನಮ್ಮ ವಯಸ್ಸು. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್ ಹೆಸರಲ್ಲಿ ಅದಕ್ಕೆ ಮಾರ್ಫಿನ್ ಅಂತ ಹೆಸರಾಯ್ತು.

ಇಲ್ಲಿಂದ ಮುಂದೆ ನೋವಿನ ಔಷಧಿಯನ್ನ ಮಿಲಿಗ್ರಾಂ ಲೆಕ್ಕದಲ್ಲಿ ತೂಗಬಹುದಾಯ್ತು. ತೂಗೋಕೆ ಆಗೋದನ್ನ ಬರೆದಿಡಬಹುದು, ಬರೆದಿಟ್ಟಿದ್ದನ್ನ ತಪಾಸಣೆ ಮಾಡಬಹುದು. ಚೀಟಿ, ರಿಜಿಸ್ಟರ್, ಲೈಸೆನ್ಸ್ ಎಲ್ಲಾ ನಿಂತಿರೋದು ಇದರ ಮೇಲೆ.

3/10

ಈಗ ಕಂಪನಿ ಕಾಲಕ್ಕೆ ಬನ್ನಿ.

1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಅಫೀಮಿನ ಮೇಲೆ ಏಕಸ್ವಾಮ್ಯ ತಂದ. 1797ರಿಂದ ಕಂಪನಿಯೇ ತನ್ನ ಏಜೆಂಟರ ಮೂಲಕ ರೈತರಿಗೆ ಮುಂಗಡ ಕೊಟ್ಟು ಬೆಳೆಸೋಕೆ ಶುರು ಮಾಡ್ತು. ಗಾಜೀಪುರದಲ್ಲಿ 1820ರಲ್ಲಿ ಶುರುವಾದ ಅಫೀಮು ಕಾರ್ಖಾನೆ ಇವತ್ತಿಗೂ ಸರ್ಕಾರದ ಕೈಯಲ್ಲಿ ನಡೀತಿದೆ. ಅಲ್ಲಿಂದ ಪೆಟ್ಟಿಗೆ ಪೆಟ್ಟಿಗೆ ಅಫೀಮು ಕಲ್ಕತ್ತಕ್ಕೆ, ಹರಾಜಾಗಿ ಚೀನಾಗೆ. ಚೀನಾ ಬೇಡ ಅಂದಿದ್ದಕ್ಕೆ 1839ರಿಂದ 1842ರವರೆಗೆ ಒಂದು ಯುದ್ಧ, ಆಮೇಲೆ ಇನ್ನೊಂದು. ಇಷ್ಟು ಪಿಯುಸಿ ಇತಿಹಾಸದಲ್ಲಿ ಓದಿರ್ತೀರಿ.

ಓದಿರದೇ ಇರೋದು ಇದು: ಭಾರತದಲ್ಲಿ ಅಫೀಮಿಗೆ ಬಂದ ಹಳೇ ಕಾನೂನುಗಳು 1857ರದ್ದು ಮತ್ತು 1878ರದ್ದು. ಎರಡರಲ್ಲೂ ಲೈಸೆನ್ಸ್ ಇದೆ, ದಂಡ ಇದೆ, ಸಾಗಾಣಿಕೆಗೆ ಪರವಾನಗಿ ಇದೆ. ಓದಿದರೆ ಇವತ್ತಿನ ಕಾನೂನಿನ ಥರಾನೇ ಕಾಣುತ್ತೆ. ಆದರೆ ಉದ್ದೇಶ ಜನರ ಆರೋಗ್ಯ ಅಲ್ಲ, ಖಜಾನೆ. ಸರ್ಕಾರಕ್ಕೆ ಸೇರಬೇಕಾದ ದುಡ್ಡು ಕಳ್ಳ ದಾರಿಯಲ್ಲಿ ಹೋಗಬಾರದು ಅನ್ನೋದೇ ಮುಖ್ಯ ಚಿಂತೆ. ಅದಕ್ಕೇ ಅಫೀಮು ಸೇರಿದ್ದು ಅಬಕಾರಿ ಇಲಾಖೆಯ ಕೈಗೆ, ಹೆಂಡ ಸಾರಾಯಿಯ ಪಕ್ಕದಲ್ಲಿ.

ಈ ಮಾತನ್ನ ನೆನಪಿಟ್ಕೊಳ್ಳಿ. ನೂರು ವರ್ಷ ಆದಮೇಲೂ ಕ್ಯಾನ್ಸರ್ ರೋಗಿಯ ಮಾರ್ಫಿನ್ ಮಾತ್ರೆ ಆಸ್ಪತ್ರೆಗೆ ಬರಬೇಕಾದ್ರೆ ಅಬಕಾರಿ ಕಚೇರಿಯ ಸೀಲು ಬೇಕಾಗಿತ್ತು. ಕಾರಣ ಇಲ್ಲಿದೆ.

ಇಂಗ್ಲೆಂಡಿನಲ್ಲೇ ಅಫೀಮು ವಿರೋಧಿ ಚಳವಳಿ ಜೋರಾದಾಗ 1893ರಲ್ಲಿ ಒಂದು ರಾಯಲ್ ಕಮಿಷನ್ ನೇಮಕ ಆಯ್ತು. ಎರಡು ವರ್ಷ ಸಾಕ್ಷಿ ಕೇಳಿ 1895ರಲ್ಲಿ ವರದಿ ಕೊಟ್ಟಿತು. ಸಾರಾಂಶ: ಈಗಿರೋ ವ್ಯವಸ್ಥೆ ನಿಲ್ಲಿಸೋ ಅಗತ್ಯ ಇಲ್ಲ. ಖಜಾನೆ ಗೆದ್ದಿತು.

4/10

ಫೋಟೋದಲ್ಲಿರೋದು ಹಳೇ ಕಾಲದ ಔಷಧಿ ಸೀಸೆ, ನಮ್ಮ ಕಾಲೇಜಿನ ಶೋಕೇಸಿನಿಂದ.

1920ರ ದಶಕದಲ್ಲಿ ಇಂಡಿಯಾದಲ್ಲಿ ಯಾರು ಬೇಕಾದ್ರೂ ಔಷಧಿ ಮಾರಬಹುದಿತ್ತು. ಫಾರ್ಮಸಿಸ್ಟ್ ಅನ್ನೋಕೆ ಓದು ಬೇಕು ಅನ್ನೋ ಕಾನೂನೂ ಇರಲಿಲ್ಲ. ಕ್ವಿನೈನ್ ಹೆಸರಲ್ಲಿ ಕಲಬೆರಕೆ ಪುಡಿ ಮಾರ್ತಿದ್ದ ಕಾಲ ಅದು. ಗಲಾಟೆ ಜಾಸ್ತಿಯಾಗಿ 1930ರಲ್ಲಿ ಸರ್ಕಾರ ಒಂದು ವಿಚಾರಣಾ ಸಮಿತಿ ಮಾಡ್ತು. ಅಧ್ಯಕ್ಷರು ರಾಮನಾಥ ಚೋಪ್ರಾ, ಕಲ್ಕತ್ತದಲ್ಲಿ ಔಷಧಶಾಸ್ತ್ರದ ಪ್ರೊಫೆಸರ್. ಫಾರ್ಮಸಿ ಓದೋರೆಲ್ಲ ಫಸ್ಟ್ ಇಯರಲ್ಲೇ ಬಾಯಿಪಾಠ ಮಾಡೋ "ಚೋಪ್ರಾ ಕಮಿಟಿ" ಇದೇ. ಒಂದು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿ ಬಿಡ್ತೀವಿ, ಆದರೆ ನಮ್ಮ ಇಡೀ ವೃತ್ತಿ ಹುಟ್ಟಿದ್ದೇ ಅಲ್ಲಿಂದ.

ಅದರ ಬೆನ್ನಿಗೆ ಬಂದವು 1940ರ ಔಷಧ ಕಾಯ್ದೆ, 1945ರ ನಿಯಮಗಳು, 1948ರ ಫಾರ್ಮಸಿ ಕಾಯ್ದೆ. ಅಫೀಮು, ಕೊಕೇನ್ ಥರದವಕ್ಕೆ ಬೇರೆಯಾಗಿ 1930ರ ಅಪಾಯಕಾರಿ ಔಷಧಿಗಳ ಕಾಯ್ದೆ ಇತ್ತು. ಅಂದ್ರೆ ಒಂದೇ ಮಾತ್ರೆಗೆ ಇಬ್ಬರು ಯಜಮಾನರು: ಗುಣಮಟ್ಟಕ್ಕೆ ಔಷಧ ನಿಯಂತ್ರಣ ಇಲಾಖೆ, ಮತ್ತಿನ ವಿಷಯಕ್ಕೆ ಅಬಕಾರಿ.

ನಿಯಂತ್ರಣ ಅಂದ್ರೆ ನಿಜವಾಗಿ ಏನು? ತುಂಬಾ ಸರಳ. ಕಂಪನಿ ಎಷ್ಟು ತಯಾರಿಸ್ತು, ಸಗಟು ವ್ಯಾಪಾರಿಗೆ ಎಷ್ಟು ಕೊಟ್ಟಿತು, ಅಂಗಡಿಗೆ ಎಷ್ಟು ಬಂತು, ಯಾರ ಚೀಟಿಗೆ ಎಷ್ಟು ಹೋಯ್ತು. ಈ ನಾಲ್ಕೂ ಲೆಕ್ಕ ಒಂದಕ್ಕೊಂದು ತಾಳೆ ಆಗಬೇಕು. ಎಲ್ಲಿ ತಾಳೆ ಆಗಲ್ವೋ ಅಲ್ಲಿ ಸೋರಿಕೆ. ನಮ್ಮ ಬ್ಯಾಚಿನ ಹುಡುಗನ ಕೈಗೆ ಮಾತ್ರೆ ಬಂದಿದ್ದು ಸರಪಳಿಯ ಕೊನೆಯ ಕೊಂಡಿಯಲ್ಲಿ, ಕೌಂಟರಿನಲ್ಲಿ.

5/10

1961. ಜಗತ್ತಿನ ದೇಶಗಳೆಲ್ಲ ಸೇರಿ ಮಾದಕ ಔಷಧಿಗಳ ಬಗ್ಗೆ ಒಂದು ಒಪ್ಪಂದ ಮಾಡಿಕೊಂಡವು. ಭಾರತವೂ ಸೇರಿತು.

ಈ ಒಪ್ಪಂದದ ಪೀಠಿಕೆಯಲ್ಲೇ ಎರಡು ಮಾತು ಇವೆ. ನೋವಿನ ಶಮನಕ್ಕೆ ಈ ಔಷಧಿಗಳು ಬೇಕೇ ಬೇಕು, ಅವು ರೋಗಿಗಳಿಗೆ ಸಿಗೋ ಹಾಗೆ ನೋಡ್ಕೋಬೇಕು ಅನ್ನೋದು ಒಂದು. ಚಟ ದೊಡ್ಡ ಕೇಡು, ಅದನ್ನ ತಡೀಬೇಕು ಅನ್ನೋದು ಇನ್ನೊಂದು. ಸರ್ಕಾರಗಳು ಎರಡನೇದನ್ನ ಗಟ್ಟಿಯಾಗಿ ಹಿಡ್ಕೊಂಡವು. ಮೊದಲನೇದು ಕಾಗದದಲ್ಲೇ ಉಳೀತು.

ವೈದ್ಯರ ಚೀಟಿ ಇಲ್ಲದೆ ನಡೀತಿದ್ದ ಅಫೀಮು ಸೇವನೆಯನ್ನ ನಿಲ್ಲಿಸೋಕೆ ಒಪ್ಪಂದ ಕೊಟ್ಟಿದ್ದ ಗಡುವು 15 ವರ್ಷ. 1980ರ ದಶಕದ ಹೊತ್ತಿಗೆ ಆ ಗಡುವು ಮುಗಿದಿತ್ತು. ಅದೇ ಹೊತ್ತಿಗೆ ಅಕ್ಕಪಕ್ಕದ ದೇಶಗಳಿಂದ ಹೆರಾಯಿನ್ ಸಾಗಾಣಿಕೆ ಜೋರಾಗಿತ್ತು. 1985ರಲ್ಲಿ ಸಂಸತ್ತು ಹೊಸ ಕಾಯ್ದೆ ಪಾಸು ಮಾಡ್ತು. ನವೆಂಬರ್ 14ರಿಂದ ಜಾರಿ. ಇದೇ ಟಿವಿ ನ್ಯೂಸಲ್ಲಿ ಕೇಳೋ ಎನ್‌ಡಿಪಿಎಸ್ ಕಾಯ್ದೆ. 1857, 1878, 1930ರ ಹಳೇ ಕಾನೂನುಗಳೆಲ್ಲ ಇದರೊಳಗೆ ಕರಗಿದವು.

ಶಿಕ್ಷೆ: ಕಡಿಮೆ ಅಂದ್ರೆ 10 ವರ್ಷ ಜೈಲು, ಒಂದು ಲಕ್ಷ ದಂಡ. ಸ್ವಂತ ಬಳಕೆಯ ಸಣ್ಣ ಪ್ರಮಾಣಕ್ಕೆ ಮಾತ್ರ ರಿಯಾಯಿತಿ. 2001ರ ತಿದ್ದುಪಡಿ ಬರೋವರೆಗೂ ಎಷ್ಟು ಪ್ರಮಾಣ ಸಿಕ್ತು ಅನ್ನೋದರ ಮೇಲೆ ಶಿಕ್ಷೆ ಏರಿಳಿತ ಆಗ್ತಿರಲಿಲ್ಲ.

ಈಗ ಒಬ್ಬ ಔಷಧಿ ಅಂಗಡಿಯವರ ಜಾಗದಲ್ಲಿ ನಿಂತು ಯೋಚನೆ ಮಾಡಿ. ಮಾರ್ಫಿನ್ ಮಾರಿದ್ರೆ ಬರೋ ಲಾಭ ಪುಡಿಗಾಸು. ರಿಜಿಸ್ಟರಿನಲ್ಲಿ ಲೆಕ್ಕ ತಪ್ಪಿದ್ರೆ ಹತ್ತು ವರ್ಷದ ಭಯ. ನೀವಾಗಿದ್ರೆ ಇಡ್ತಿದ್ರಾ?

6/10

ಯಾರೂ ಇಡಲಿಲ್ಲ.

1985ರಲ್ಲಿ ಭಾರತದ ಆಸ್ಪತ್ರೆಗಳು ವರ್ಷಕ್ಕೆ ಸುಮಾರು 600 ಕೆಜಿ ಮಾರ್ಫಿನ್ ಬಳಸ್ತಿದ್ವು. 1997ರ ಹೊತ್ತಿಗೆ ಅದು 18 ಕೆಜಿಗೆ ಇಳೀತು. ನೂರು ಕೋಟಿ ಹತ್ರ ಜನ ಇದ್ದ ದೇಶಕ್ಕೆ, ವರ್ಷವಿಡೀ, 18 ಕೆಜಿ. ಒಬ್ಬ ಆಳು ಹೆಗಲ ಮೇಲೆ ಹೊತ್ತುಕೊಂಡು ಹೋಗಬಹುದಾದಷ್ಟು.

ಕಾನೂನು ಮಾರ್ಫಿನ್ ಬೇಡ ಅಂತ ಎಲ್ಲೂ ಹೇಳಿರಲಿಲ್ಲ. ವೈದ್ಯಕೀಯ ಬಳಕೆಗೆ ಅವಕಾಶ ಇತ್ತು. ಆದರೆ ನಿಯಮ ಮಾಡೋ ಅಧಿಕಾರ ರಾಜ್ಯಗಳಿಗೆ ಬಿಟ್ಟಿದ್ರು. ಬಹಳ ಕಡೆ ಒಂದು ಆಸ್ಪತ್ರೆಗೆ ನಾಲ್ಕೈದು ಲೈಸೆನ್ಸ್ ಬೇಕಾಗ್ತಿತ್ತು: ಇಟ್ಟುಕೊಳ್ಳೋಕೆ ಒಂದು, ತರಿಸೋಕೆ ಒಂದು, ಸಾಗಿಸೋಕೆ ಒಂದು, ಹೀಗೆ. ಬೇರೆ ಬೇರೆ ಕಚೇರಿ, ಬೇರೆ ಬೇರೆ ಗಡುವು. ಎಲ್ಲವೂ ಒಂದೇ ಸಮಯದಲ್ಲಿ ಚಾಲ್ತಿಯಲ್ಲಿ ಇದ್ರೆ ಮಾತ್ರ ಔಷಧಿ ಬರುತ್ತೆ. ಒಂದು ಬರೋ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿರ್ತಿತ್ತು.

ಇನ್ನೊಂದು ನಷ್ಟ ಕಣ್ಣಿಗೆ ಕಾಣಲ್ಲ. ವಾರ್ಡಿನಲ್ಲಿ ಮಾರ್ಫಿನ್ ಇಲ್ಲ ಅಂದ್ರೆ ವೈದ್ಯ ವಿದ್ಯಾರ್ಥಿಗಳು ಅದನ್ನ ಬಳಸೋದು ಕಲಿಯೋದು ಎಲ್ಲಿಂದ? ಒಂದಿಡೀ ತಲೆಮಾರಿನ ಡಾಕ್ಟರುಗಳು ಬಾಯಿಂದ ತಗೊಳ್ಳೋ ಮಾರ್ಫಿನ್ನನ್ನ ಕಣ್ಣಲ್ಲೇ ನೋಡದೆ ಓದು ಮುಗಿಸಿದ್ರು. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಚಿಕಿತ್ಸಾ ಕ್ರಮ ಹೇಳಿತ್ತು, ಮೇಲಿನ ಮೆಟ್ಟಿಲೇ ಮಾರ್ಫಿನ್. ನಮ್ಮಲ್ಲಿ ಏಣಿಯ ಮೇಲಿನ ಮೆಟ್ಟಿಲೇ ಕಿತ್ತುಹೋಗಿತ್ತು.

ಇದರ ನಡುವೆ ಒಂದು ವಿಚಿತ್ರ ನೋಡಿ. ಕಾನೂನುಬದ್ಧವಾಗಿ ಅಫೀಮು ಬೆಳೆಯೋ ಕೆಲವೇ ದೇಶಗಳಲ್ಲಿ ಭಾರತ ಒಂದು. ಮಧ್ಯಪ್ರದೇಶದ ನೀಮಚ್, ಮಂದಸೌರ್, ರಾಜಸ್ಥಾನದ ಚಿತ್ತೌಡಗಢ ಕಡೆ ರೈತರು ಸರ್ಕಾರದ ಲೈಸೆನ್ಸಿನಲ್ಲಿ ಬೆಳೆದು ಸರ್ಕಾರಕ್ಕೇ ತೂಗಿ ಕೊಡ್ತಾರೆ. ಅದು ಟನ್ನುಗಟ್ಟಲೆ ಹೊರದೇಶಗಳಿಗೆ ಹೋಗಿ ಅಲ್ಲಿನ ರೋಗಿಗಳ ಔಷಧಿ ಆಗ್ತಿತ್ತು. ಬೆಳೆದ ದೇಶದ ರೋಗಿಗೆ ಸಿಗ್ತಿರಲಿಲ್ಲ.

7/10

ಇಷ್ಟು ಓದಿ ಬೇಜಾರಾಗಿದ್ರೆ ಈಗ ಕೋಝಿಕ್ಕೋಡಿಗೆ ಬನ್ನಿ. ಮಂಗಳೂರಿಂದ ರೈಲು ಹತ್ತಿದ್ರೆ ಅರ್ಧ ದಿನವೂ ಬೇಡ.

1993ರಲ್ಲಿ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಅರಿವಳಿಕೆ ವೈದ್ಯರಾಗಿದ್ದ ಎಂ.ಆರ್. ರಾಜಗೋಪಾಲ್, ಸಹೋದ್ಯೋಗಿ ಸುರೇಶ್ ಕುಮಾರ್ ಮತ್ತು ಕೆಲವರು ಸೇರಿ ನೋವು ಮತ್ತು ಉಪಶಾಮಕ ಆರೈಕೆಯ ಸೊಸೈಟಿ ಕಟ್ಟಿದ್ರು. ವಾಸಿ ಆಗದ ರೋಗ ಅಂತ ಆಸ್ಪತ್ರೆಯವರು ಕೈಬಿಟ್ಟವರನ್ನ ನೋಡ್ಕೊಳ್ಳೋದೇ ಇವರ ಕೆಲಸ. ಮಾರ್ಫಿನ್ ಮಾತ್ರೆ ಮನೆಗೇ ಕೊಟ್ಟು ಕಳಿಸ್ತಿದ್ರು.

ಕೂಡಲೇ ಎಲ್ಲರೂ ಕೇಳೋ ಪ್ರಶ್ನೆ: ಮನೆಗೆ ಕೊಟ್ರೆ ಅದು ಬೀದಿಗೆ ಹೋಗಲ್ವಾ? ಚಟ ಹತ್ತಲ್ವಾ?

ಅವರು ವಾದ ಮಾಡ್ತಾ ಕೂರಲಿಲ್ಲ, ಲೆಕ್ಕ ಇಟ್ಟರು. ಎರಡು ವರ್ಷದಲ್ಲಿ ಮನೆಯಲ್ಲೇ ಮಾರ್ಫಿನ್ ತಗೊಂಡ 1,723 ರೋಗಿಗಳ ವಿವರ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ದುರ್ಬಳಕೆ ಅಥವಾ ಕಳ್ಳದಾರಿಗೆ ಹೋದ ಒಂದೇ ಒಂದು ಪ್ರಕರಣವೂ ಕಂಡುಬಂದಿರಲಿಲ್ಲ.

ಕಾರಣ ಮಾಯ ಮಂತ್ರ ಅಲ್ಲ. ರೋಗಿ ಯಾರು ಅಂತ ಗೊತ್ತು. ಮನೆ ಗೊತ್ತು. ಎಷ್ಟು ದಿನಕ್ಕೆ ಎಷ್ಟು ಮಾತ್ರೆ ಅಂತ ಗೊತ್ತು. ಮತ್ತೆ ಬಂದಾಗ ನೋವು ಹೇಗಿದೆ ಅಂತ ಕೇಳೋರು ಇದ್ದಾರೆ. ಅಲ್ಲೂ ರಿಜಿಸ್ಟರ್ ಇತ್ತು, ಬೀಗ ಇತ್ತು. ಜೊತೆಗೆ ರೋಗಿಯ ಪರಿಚಯವೂ ಇತ್ತು.

1998ರಲ್ಲಿ ಕೇಂದ್ರ ಸರ್ಕಾರ ನಿಯಮ ಸರಳ ಮಾಡಿ ಅಂತ ರಾಜ್ಯಗಳಿಗೆ ಬರೀತು. ಕೇರಳ ಮಾಡ್ತು, ಅಲ್ಲಿನ ಊರೂರಲ್ಲಿ ಇಂಥ ಕೇಂದ್ರ ಬಂದವು. ಬಹಳ ರಾಜ್ಯಗಳು ಆ ಪತ್ರ ಫೈಲಿಗೆ ಸೇರಿಸಿದ್ವು. ನಮ್ಮ ಬೆಂಗಳೂರಲ್ಲೂ ಒಳ್ಳೇ ಕೆಲಸ ನಡೀತು: ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ ಕರುಣಾಶ್ರಯ 1999ರಿಂದ ಕೊನೇ ಹಂತದ ಕ್ಯಾನ್ಸರ್ ರೋಗಿಗಳನ್ನ ದುಡ್ಡು ತಗೊಳ್ಳದೆ ನೋಡ್ಕೊಳ್ತಿದೆ. ಆದರೆ ನಮ್ಮೂರಿಂದ ಬೆಂಗಳೂರು ದೂರ. ಅಂಥ ಜಾಗ ಒಂದಿದೆ ಅಂತ ನಮ್ಮ ಚಿಕ್ಕಪ್ಪನಿಗೆ ಹೇಳಿದವರೂ ಇರಲಿಲ್ಲ.

8/10

"ಹಾಗಾದ್ರೆ ನಿಯಂತ್ರಣವೇ ಬೇಡ, ಎಲ್ಲರಿಗೂ ಕೊಟ್ಟುಬಿಡಿ" ಅಂತ ನಾನು ಹೇಳ್ತಿದ್ದೀನಿ ಅಂದ್ಕೊಂಡ್ರಾ? ಇಲ್ಲ. ಅದಕ್ಕೆ ಈ ಸ್ಲೈಡ್ ಅಮೆರಿಕದ್ದು.

1996ರಲ್ಲಿ ಪರ್ಡ್ಯೂ ಫಾರ್ಮಾ ಎಂಬ ಕಂಪನಿ ಆಕ್ಸಿಕಾಂಟಿನ್ ಅನ್ನೋ ಮಾತ್ರೆ ಮಾರುಕಟ್ಟೆಗೆ ತಂತು. ಒಳಗಿರೋದು ಆಕ್ಸಿಕೋಡೋನ್, ಮಾರ್ಫಿನ್ನಿನ ಬಳಗ. ಕ್ಯಾನ್ಸರಿಗೆ ಮಾತ್ರ ಅಲ್ಲ, ಬೆನ್ನುನೋವಿಗೂ ಬರೀರಿ ಅಂತ ಸೇಲ್ಸ್ ಪ್ರತಿನಿಧಿಗಳು ಡಾಕ್ಟರುಗಳ ಬಾಗಿಲು ತಟ್ಟಿದ್ರು. ಚಟ ಹತ್ತೋ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಮ್ಮಿ ಅಂತ ಹೇಳಿದ್ರು. ಈ ಮಾತಿಗೆ ಪದೇ ಪದೇ ತೋರಿಸ್ತಿದ್ದ ಆಧಾರ 1980ರಲ್ಲಿ ಒಂದು ವೈದ್ಯಕೀಯ ಪತ್ರಿಕೆಗೆ ಬಂದಿದ್ದ ಐದು ವಾಕ್ಯದ ಪತ್ರ. ಅದರಲ್ಲಿದ್ದಿದ್ದು ಆಸ್ಪತ್ರೆಯಲ್ಲಿ ಮಲಗಿದ್ದ ರೋಗಿಗಳ ಲೆಕ್ಕ, ಮನೆಗೆ ತಿಂಗಳುಗಟ್ಟಲೆ ಮಾತ್ರೆ ಒಯ್ಯೋರದ್ದಲ್ಲ. ಐದು ವಾಕ್ಯವನ್ನ ಪೂರ್ತಿ ಓದಿದವರು ಕಮ್ಮಿ. ಸೋರ್ಸ್ ಓದದೆ ಫಾರ್ವರ್ಡ್ ಮಾಡೋ ಚಾಳಿ ನಮ್ಮ ಕಾಲದ್ದು ಮಾತ್ರ ಅಲ್ಲ.

2007ರಲ್ಲಿ ಕಂಪನಿ ತಪ್ಪು ಮಾಹಿತಿ ಕೊಟ್ಟು ಮಾರಿದ್ದನ್ನ ನ್ಯಾಯಾಲಯದಲ್ಲಿ ಒಪ್ಪಿಕೊಂಡು 60 ಕೋಟಿ ಡಾಲರಿಗೂ ಹೆಚ್ಚು ತೆತ್ತಿತು. 2020ರಲ್ಲಿ ಮತ್ತೆ ತಪ್ಪೊಪ್ಪಿಗೆ. ಮಾತ್ರೆ ಬಿಗಿಯಾದಾಗ ಅಭ್ಯಾಸ ಆದವರು ಹೆರಾಯಿನ್ ಕಡೆ, ಆಮೇಲೆ ಕಳ್ಳ ಫೆಂಟನಿಲ್ ಕಡೆ ಹೋದರು. 1999ರಿಂದ 2021ರವರೆಗೆ ಅಲ್ಲಿ ಚೀಟಿಯ ಓಪಿಯಾಯ್ಡ್ ಸೇರಿದ್ದ ಅತಿಸೇವನೆಯಿಂದ ಸತ್ತವರೇ ಸುಮಾರು 2,80,000.

2017ರಲ್ಲಿ ಲ್ಯಾನ್ಸೆಟ್ ಆಯೋಗ ಒಂದು ಲೆಕ್ಕ ಕೊಟ್ಟಿತು. ಜಗತ್ತಿನಲ್ಲಿ ವರ್ಷಕ್ಕೆ ಹಂಚಿಕೆ ಆಗೋ ಓಪಿಯಾಯ್ಡ್, ಮಾರ್ಫಿನ್ ಲೆಕ್ಕದಲ್ಲಿ, 298.5 ಟನ್. ಅತಿ ಬಡ ದೇಶಗಳಿಗೆಲ್ಲ ಸೇರಿ ಹೋಗಿದ್ದು 0.1 ಟನ್, ಅಂದ್ರೆ ಬರೀ 100 ಕೆಜಿ. ಒಂದು ಕಡೆ ಪ್ರವಾಹ, ಇನ್ನೊಂದು ಕಡೆ ಬರ.

9/10

ಮತ್ತೆ ನಮ್ಮ ದೇಶಕ್ಕೆ. ರಾಜಗೋಪಾಲ್ ಮತ್ತು ಸಂಗಡಿಗರು ಸುಮ್ಮನಿರಲಿಲ್ಲ. 2007ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು. 2009ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ಬಗ್ಗೆಯೇ ಒಂದು ವರದಿ ತಂತು. ಸರ್ಕಾರದ ನೆರವಿರೋ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಗಳಲ್ಲೂ ಅರ್ಧಕ್ಕಿಂತ ಹೆಚ್ಚು ಕಡೆ ಇಂಥ ನೋವಿನ ಚಿಕಿತ್ಸೆ ಸಿಗಲ್ಲ ಅಂತ ಅದರಲ್ಲಿತ್ತು.

2014ರ ಫೆಬ್ರವರಿಯಲ್ಲಿ, ಆ ಲೋಕಸಭೆಯ ಅವಧಿಯ ಕೊನೇ ಅಧಿವೇಶನದಲ್ಲಿ, ತಿದ್ದುಪಡಿ ಪಾಸಾಯ್ತು. ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೋಡೀನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್, ಈ ಆರಕ್ಕೆ "ಅತ್ಯಗತ್ಯ ಮಾದಕ ಔಷಧಿಗಳು" ಅಂತ ಹೊಸ ಗುಂಪು. ನಾಲ್ಕೈದು ಲೈಸೆನ್ಸಿನ ಬದಲು ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಇಡಬಹುದು, ಮಾನ್ಯತೆ ಕೊಡೋದು ರಾಜ್ಯದ ಔಷಧ ನಿಯಂತ್ರಕರು, ದೇಶಕ್ಕೆಲ್ಲ ಒಂದೇ ನಿಯಮ. ಮೇ 1ರಿಂದ ಜಾರಿ, ನಿಯಮಗಳು ಮುಂದಿನ ವರ್ಷ ಬಂದವು. ಅಬಕಾರಿ ಕಚೇರಿಯ ಮೆಟ್ಟಿಲು ತಪ್ಪಿತು.

ಅದೇ ವರ್ಷ ಮಾರ್ಚ್ 1ರಂದು ಇನ್ನೊಂದು ನಿಯಮ ಜಾರಿಗೆ ಬಂದಿತ್ತು: ಶೆಡ್ಯೂಲ್ ಎಚ್1. 46 ಔಷಧಿಗಳ ಪಟ್ಟಿ. ಆಂಟಿಬಯಾಟಿಕ್, ಕ್ಷಯದ ಔಷಧಿಗಳ ಜೊತೆ ಆಲ್‌ಪ್ರಝೋಲಮ್, ಡಯಝೆಪಾಮ್, ಝೋಲ್ಪಿಡೆಮ್, ಕೋಡೀನ್, ಟ್ರಮಡಾಲ್ ಎಲ್ಲಾ ಇದರಲ್ಲಿವೆ. ಇವನ್ನ ಮಾರಿದ್ರೆ ಬೇರೆ ರಿಜಿಸ್ಟರಿನಲ್ಲಿ ಡಾಕ್ಟರ್ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ಟ್ರಮಡಾಲ್ ಆಮೇಲೂ ಸೋರ್ತಾ ಇದ್ದಿದ್ದರಿಂದ 2018ರ ಏಪ್ರಿಲಿನಲ್ಲಿ ಎನ್‌ಡಿಪಿಎಸ್ ಒಳಗೂ ಸೇರಿಸಿದ್ರು.

ಅಂದ್ರೆ 2014ರ ಎರಡೇ ತಿಂಗಳ ಅಂತರದಲ್ಲಿ ನಮ್ಮ ದೇಶ ಎರಡೂ ಕೆಲಸ ಮಾಡ್ತು. ಸಡಿಲ ಇದ್ದ ಕಡೆ ಬಿಗಿ, ಬಿಗಿ ಇದ್ದ ಕಡೆ ಸಡಿಲ. ಕಾಗದದ ಮೇಲೆ ಇದು ಸರಿಯಾದ ಇತಿಹಾಸ. ನೆಲದ ಮೇಲೆ? 2019ರಲ್ಲಿ ಬಂದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆ ಪ್ರಕಾರ 10ರಿಂದ 75 ವರ್ಷದವರಲ್ಲಿ ಸುಮಾರು 1.18 ಕೋಟಿ ಜನ ನಿದ್ದೆ, ಶಮನದ ಮಾತ್ರೆಗಳನ್ನ ವೈದ್ಯಕೀಯ ಕಾರಣ ಇಲ್ಲದೆ ಬಳಸ್ತಿದ್ರು. ರಿಜಿಸ್ಟರ್ ಬರೆಯೋ ಕೈ ನೆಟ್ಟಗಿಲ್ಲದಿದ್ರೆ ಶೆಡ್ಯೂಲು ಎಷ್ಟು ಇದ್ರೇನು?

10/10

ಕೊನೇ ಸ್ಲೈಡ್. ಈಗ ನಮ್ಮ ನಮ್ಮ ಮಾತು.

ನನ್ನ ಕ್ಲಾಸ್‌ಮೇಟ್ಸಿಗೆ: ಇನ್ನೆರಡು ವರ್ಷಕ್ಕೆ ಆ ಕೌಂಟರಿನ ಹಿಂದೆ ನಿಲ್ಲೋರು ನಾವೇ. "ಅಣ್ಣಾ, ಒಂದು ಸ್ಟ್ರಿಪ್ ಅಷ್ಟೇ, ಚೀಟಿ ನಾಳೆ ತರ್ತೀನಿ" ಅಂತ ಗುರುತಿನ ಹುಡುಗ ಬಂದು ನಿಂತಾಗ ನೂರು ರೂಪಾಯಿ ವ್ಯಾಪಾರ ಬಿಡೋಕೆ ಆಗುತ್ತಾ? ಅದೇ ಸಂಜೆ ಅಜ್ಜನ ಚೀಟಿ ಹಿಡಿದು ಒಬ್ಬರು ಬಂದ್ರೆ "ಇಡಲ್ಲ" ಅಂತ ಕೈ ಆಡಿಸದೆ, ಎಲ್ಲಿ ಸಿಗುತ್ತೆ ಅಂತ ಹೇಳೋವಷ್ಟು ತಿಳ್ಕೊಂಡಿರ್ತೀವಾ? ಚೋಪ್ರಾ ಕಮಿಟಿಯ ಒಂದು ಮಾರ್ಕಿಗಿಂತ ಇದು ದೊಡ್ಡ ಪ್ರಶ್ನೆ.

ಹಾಸ್ಟೆಲ್ಲಿನಲ್ಲಿರೋ ತಮ್ಮ ತಂಗಿಯರಿಗೆ: ನಿದ್ದೆ ಮಾತ್ರೆ, ಟೆನ್ಷನ್ ಮಾತ್ರೆ ಅಂತ ಫ್ರೆಂಡ್ ಕೊಟ್ಟಿದ್ದನ್ನ ನುಂಗಬೇಡಿ. ಮೊದಲು ಅರ್ಧ ಸಾಕಾಗುತ್ತೆ, ಆಮೇಲೆ ಒಂದು, ಆಮೇಲೆ ಎರಡು. ಮೈ ಒಗ್ಗಿಕೊಂಡ ಹಾಗೆಲ್ಲ ಅದೇ ನಿದ್ದೆಗೆ ಜಾಸ್ತಿ ಬೇಕಾಗುತ್ತೆ. ಈಗಾಗಲೇ ತಿಂಗಳುಗಟ್ಟಲೆ ತಗೊಳ್ತಿದ್ರೆ ಇವತ್ತೇ ಏಕ್ದಂ ನಿಲ್ಲಿಸೋ ಶಪಥವನ್ನೂ ಮಾಡಬೇಡಿ. ಈ ಜಾತಿಯ ಕೆಲವು ಮಾತ್ರೆ ಥಟ್ಟನೆ ಬಿಟ್ರೆ ಫಿಟ್ಸ್ ಬರಬಹುದು. ಡಾಕ್ಟರ್ ಹತ್ರ ಹೋಗಿ, ಅವರು ನಿಧಾನಕ್ಕೆ ಇಳಿಸ್ತಾರೆ. ನನ್ನ ಬ್ಯಾಚಿನ ಹುಡುಗ ಹಾಗೇ ಹೊರಗೆ ಬಂದಿದ್ದು. ನಾಲ್ಕು ತಿಂಗಳು ಹಿಡೀತು. ಮೊದಲ ದಿನ ಅವನ ಜೊತೆ ಓಪಿಡಿ ಕ್ಯೂನಲ್ಲಿ ನಿಂತಿದ್ದವರು ಅವರಮ್ಮ. ಗೊತ್ತಾದ್ರೆ ಹೊಡೀತಾರೆ ಅಂತ ಎಂಟು ತಿಂಗಳು ಮುಚ್ಚಿಟ್ಟಿದ್ದ. ಅವರಮ್ಮ ಹೊಡೀಲಿಲ್ಲ.

ಯಾರ ಹತ್ರಾನೂ ಹೇಳೋಕೆ ಆಗ್ತಿಲ್ಲ ಅಂದ್ರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್, ಕನ್ನಡದಲ್ಲೇ ಮಾತಾಡಬಹುದು. ಚಟ ಬಿಡಿಸೋ ಸಹಾಯಕ್ಕೆ 14446. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಸಣ್ಣ ಪ್ರಮಾಣದ ಬಳಕೆಯ ಕೇಸಿದ್ದರೂ ತಾವಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನಲ್ಲಿ ರಕ್ಷಣೆ ಇದೆ.

ಮನೆಯಲ್ಲಿ ಯಾರಾದ್ರೂ ಕ್ಯಾನ್ಸರ್ ನೋವಲ್ಲಿ ಇದ್ರೆ "ಅಷ್ಟು ನೋವು ಇರೋದೇ ಬಿಡಿ" ಅಂತ ಒಪ್ಪಿಕೊಳ್ಳಬೇಡಿ. "ಇಲ್ಲಿ ಪ್ಯಾಲಿಯೇಟಿವ್ ಕೇರ್ ಇದೆಯಾ? ಇಲ್ಲದಿದ್ರೆ ಎಲ್ಲಿದೆ?" ಅಂತ ಬಾಯಿಬಿಟ್ಟು ಕೇಳಿ. ಕೇಳೋದು ನಿಮ್ಮ ಹಕ್ಕು.

ಅಜ್ಜ ತೀರಿಕೊಂಡಿದ್ದು 2011ರ ಕಾರ್ತಿಕದಲ್ಲಿ. ಕಾನೂನು ಬದಲಾಗಿದ್ದು 2014ರಲ್ಲಿ. ಚಿಕ್ಕಪ್ಪ ಆ ಚೀಟಿಯನ್ನ ಎಸೆದಿರಲಿಲ್ಲ, ಹಳೇ ಡೈರಿಯೊಳಗೆ ಇತ್ತು. ಮಡಿಕೆಯಲ್ಲಿ ಹರಿದಿದೆ, ಮಾರ್ಫಿನ್ 10 ಮಿಲಿಗ್ರಾಂ ಅಂತ ಬರೆದಿರೋದು ಇನ್ನೂ ಓದೋಕೆ ಬರುತ್ತೆ. ಮೊದಲನೇ ಸ್ಲೈಡಿನಲ್ಲಿ ಸ್ಟ್ರಿಪ್ಪಿನ ಪಕ್ಕ ಇಟ್ಟಿರೋ ಕಾಗದ ಅದೇ. ಒಂದ್ಸಲ ಹಿಂದಕ್ಕೆ ಸ್ವೈಪ್ ಮಾಡಿ ನೋಡಿ.

ನಿಮ್ಮ ಮನೆಯಲ್ಲೂ ಇಂಥ ಚೀಟಿ ಇದ್ರೆ ಅದರ ಕಥೆ ಬರೀರಿ. ಹೆಸರು, ಊರು, ಆಸ್ಪತ್ರೆ ಬೇಡ. ಮುಂದಿನ ಸರಣಿಯಲ್ಲಿ ಕ್ವಿನೈನ್ ಪುಡಿಯ ಕಥೆ.

#ಚೀಟಿಯ_ಇತಿಹಾಸ #ಔಷಧಿ_ಕಥೆಗಳು #ಕನ್ನಡದಲ್ಲಿ_ಇತಿಹಾಸ #ಫಾರ್ಮಸಿ_ಹುಡುಗರು